ಗಾಡಿಯಲ್ಲಿ ಮಲಗಿದ ಚಿಟಿಕೆ

ಹೊಸ ಕನ್ನಡಕ ಹಾಕಿಕೊಂಡವರು ಓದಿ ನೋಡಲೆಂದು ಅಂಗಡಿಯ ಗಲ್ಲಾದ ಮೇಲೆ ಒಂದು ರಟ್ಟು ಇತ್ತು. ಮೇಲಿನ ಸಾಲಿನ ಅಕ್ಷರ ಹೆಬ್ಬೆರಳಿನಷ್ಟು ದಪ್ಪ, ಕೆಳಗಿನ ಸಾಲಿನದು ಸಾಸಿವೆಯಷ್ಟು ಸಣ್ಣ. ಆದರೆ ಆ ದಿನ ಬಂದ ನಿವೃತ್ತ ನರ್ಸಮ್ಮ ರಟ್ಟನ್ನು ಪಕ್ಕಕ್ಕೆ ಸರಿಸಿಬಿಟ್ಟರು.

"ಇದು ನನಗೆ ಬಾಯಿಪಾಠ ಆಗೋಗಿದೆ. ಕಣ್ಣು ಮುಚ್ಚಿದ್ರೂ ಓದ್ತೀನಿ. ನನ್ನ ಪುಸ್ತಕದಲ್ಲೇ ನೋಡ್ತೀನಿ, ತಾಳಿ."

ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು, ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ಟನ್ನು ಎತ್ತಿ, ಓದತೊಡಗಿದರು. ಅಂಗಡಿಯವರು ಇನ್ನೊಂದು ಫ್ರೇಮಿನ ಕೀಲಿಗೆ ಸಣ್ಣ ತಿರುಪು ಕೂರಿಸುತ್ತಿದ್ದರು. ಆ ತಿರುಪು ಎಷ್ಟು ಸಣ್ಣದೆಂದರೆ ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತದೆ. ಅದಕ್ಕೇ ಅವರು ಆ ಕೆಲಸ ಮಾಡುವಾಗ ಮಾತಾಡುತ್ತಿರಲಿಲ್ಲ. ತಿರುಪು ಕೂತ ಮೇಲೆ ತಲೆಯೆತ್ತಿ ನೋಡಿದರೆ ನರ್ಸಮ್ಮನ ಭುಜ ಕುಣಿಯುತ್ತಿತ್ತು, ಪುಸ್ತಕವೂ ಅದರ ಜೊತೆಗೆ.

"ಅಕ್ಷರ ಅಲುಗಾಡ್ತಿದೆಯೇನಮ್ಮ? ನಂಬರು ಸರಿಯಾಗಿಲ್ವಾ?"

"ಅಕ್ಷರ ಅಲ್ಲ, ನಾನೇ ಅಲುಗಾಡ್ತಿದೀನಿ," ಎಂದು ನರ್ಸಮ್ಮ ಕಣ್ಣೊರೆಸಿಕೊಂಡರು. "ಕೇಳಿ ಸ್ವಲ್ಪ. 'ನದಿಯ ನಡುವೆ ಗಾಡಿ ಮುಗುಚಿತು. ಗುಡುಗಪ್ಪ ಮೊದಲು ತನ್ನ ಕತ್ತಿಯನ್ನು ಹಿಡಿದುಕೊಂಡ, ಆಮೇಲೆ ಅಡುಗೆಯ ಪಾತ್ರೆಯನ್ನು, ಕೊನೆಗೆ ನೆನಪಾಗಿ, ತೇಲಿಹೋಗುತ್ತಿದ್ದ ಚಿಟಿಕೆಯ ಕಾಲನ್ನು. ಚಿಟಿಕೆಗೆ ಎಚ್ಚರವಾಗಲಿಲ್ಲ. ಅವಳ ಗೊರಕೆಯ ಗುಳ್ಳೆಗಳು ನೀರಿನ ಮೇಲೆ ಸಾಲುಹಿಡಿದು ಹೋದವು. ಏನೋ ಸಮಾರಂಭವಿರಬೇಕೆಂದು ಮೀನುಗಳು ಹಿಂಬಾಲಿಸಿದವು.' ಇಡೀ ಪುಸ್ತಕ ಅವಳು ಹೀಗೇ ಮಲಗಿರ್ತಾಳೆ, ನೋಡಿ. ಮೊದಲ ಮೂರು ಪುಸ್ತಕದಲ್ಲಿ ಎಂಥ ಚಾಲಾಕು ಕಳ್ಳಿ. ಇದರಲ್ಲಿ ಬರೀ ನಿದ್ದೆ. ಹೊತ್ತು ಹೊತ್ತು ಉಳಿದವರ ಬೆನ್ನು ಬಿದ್ದುಹೋಗಿದೆ. ಒಂದು ಕಡೆ ಅವಳ ಮೇಲೆ ನಕ್ಷೆ ಹಾಸಿಕೊಂಡು ದಾರಿ ಹುಡುಕ್ತಾರೆ."

ಚಿಟಿಕೆ ಎಂಬ ಹೆಸರು ಅಂಗಡಿಯವರಿಗೆ ಹೊಸದಲ್ಲ. ಮೂರು ಪುಸ್ತಕಗಳಷ್ಟು ಕಾಲ ಆ ಕಳ್ಳಿಯ ವೇಷ ಕಟ್ಟಿದವಳು ಅವರ ಹೆಂಡತಿ.

"ಕನ್ನಡಕ ಸರಿ ಇದೆ ಅಂತಾಯ್ತು," ಎಂದರು. ಡಬ್ಬಿಗೆ ಮೆತ್ತನೆ ಬಟ್ಟೆ ಹಾಕಿ ಕನ್ನಡಕವಿಟ್ಟು ಕೊಟ್ಟರು. ನರ್ಸಮ್ಮ ಬಾಗಿಲು ದಾಟಿ ಬೀದಿಗಿಳಿದರೂ ಅವರ ನಗು ಸ್ವಲ್ಪ ಹೊತ್ತು ಅಂಗಡಿಯಲ್ಲೇ ಉಳಿದ ಹಾಗಿತ್ತು. ಅವರನ್ನು ಬೈಯುವ ಹಾಗಿಲ್ಲ. ಪಾಪ, ಅವರಿಗೇನು ಗೊತ್ತು.

ಹೆಂಡತಿ ತೀರಿಹೋಗಿ ಎರಡನೆಯ ವರ್ಷ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಿದ್ದಳು. ಇವರು ಅಂಗಡಿಯಲ್ಲಿದ್ದರು. ಪಕ್ಕದ ಮನೆಯವರು ಓಡಿಬಂದು ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಡಿಸಿದ ಬಟ್ಟೆ ಒಂದು ಕಡೆ, ಮಡಿಸದ್ದು ಒಂದು ಕಡೆ. ಒಂದು ಮಾತಿಲ್ಲ, ಬರ್ತೀನಿ ಅಂತಿಲ್ಲ. ಮನೆಯಲ್ಲಿ ಅವಳು ಮೊದಲಿನಿಂದಲೂ ಮಿತಭಾಷಿ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಇಬ್ಬರೂ ಕೂತರೆ ಅರ್ಧ ಗಂಟೆ ಮಾತಿಲ್ಲ. ಆಮೇಲೆ ಕೂಡ ಬೇಕಾದಷ್ಟೇ ಮಾತು. ಅಂಥವಳು ವಾರಕ್ಕೊಂದು ದಿನ, ರಜದ ಮಧ್ಯಾಹ್ನ, ಹಲ್ಲಿನ ಡಾಕ್ಟರ ದವಾಖಾನೆಯ ಹಿಂದಿನ ಕೋಣೆಗೆ ಹೋಗಿ ದಾಳ ಹಾಕುತ್ತಿದ್ದಳು. ಅದು ಹಣದ ಆಟವಲ್ಲ. ಒಬ್ಬರು ಕಥೆ ಹೇಳುವುದು. ಉಳಿದವರು ಕಥೆಯೊಳಗೆ ಒಂದೊಂದು ವೇಷ ತೊಟ್ಟು, ನಾನು ಹೀಗೆ ಮಾಡುತ್ತೇನೆ ಹಾಗೆ ಮಾಡುತ್ತೇನೆ ಎನ್ನುವುದು. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುವುದು. ಕಥೆ ಹೇಳುವವರು ಕಾದಂಬರಿಕಾರರು. ಮೇಜಿನ ಮೇಲೆ ನಡೆದದ್ದನ್ನೇ ಅವರು ಆಮೇಲೆ ಕಾದಂಬರಿ ಮಾಡುತ್ತಿದ್ದರು. ರಾಕ್ಷಸರು, ಮಾಟಗಾತಿಯರು, ದಾರಿ ತಪ್ಪುವ ವೀರರು, ಪುಟಪುಟಕ್ಕೂ ನಗು. ಜನ ಮುಗಿಬಿದ್ದು ಓದುತ್ತಿದ್ದರು.

"ನಮ್ಮಪ್ಪ ಮನೆಯೊಳಗೆ ದಾಳ ತರೋದಕ್ಕೇ ಬಿಡ್ತಿರಲಿಲ್ಲ," ಎಂದು ಅಂಗಡಿಯವರು ಮೊದಮೊದಲು ಗೊಣಗಿದ್ದುಂಟು.

"ನಾನೂ ಮನೆಗೆ ತರ್ತಾ ಇಲ್ವಲ್ಲ. ಹಲ್ಲಿನ ಡಾಕ್ಟರ ಹತ್ರ ಹೋಗಿ ಹಾಕಿ ಬರ್ತೀನಿ," ಎಂದಿದ್ದಳು. ಅಲ್ಲಿಗೆ ಆ ಮಾತು ನಿಂತಿತು. ಅವರು ಪುಸ್ತಕ ಓದಲಿಲ್ಲ, ಆಟ ನೋಡಲಿಲ್ಲ. ಅವಳು ಮನೆಗೆ ಬಂದಾಗ ಮುಖದಲ್ಲಿ ಒಂದು ಬಗೆಯ ಬೆಳಕಿರುತ್ತಿತ್ತು. ಅಷ್ಟು ಸಾಕೆಂದು ಸುಮ್ಮನಿದ್ದರು.

ನರ್ಸಮ್ಮ ಬಂದುಹೋದ ದಿನ ಸಂಜೆ ಭಾವಮೈದ ಊಟಕ್ಕೆ ಬಂದ. ಲಿಫ್ಟ್ ರಿಪೇರಿಯ ಕೆಲಸದವನು, ಬೆರಳ ಸಂದಿಯ ಎಣ್ಣೆಕಪ್ಪು ಎಷ್ಟು ತೊಳೆದರೂ ಹೋಗದು. ಅಕ್ಕ ಹೋದ ಮೇಲೆ ಭಾವ ಒಬ್ಬರೇ ಉಣ್ಣಬಾರದೆಂದು ವಾರದಲ್ಲಿ ನಾಲ್ಕು ದಿನ ಬಂದು ಕೂರುತ್ತಿದ್ದ. ಅವನೂ ಆ ಮೇಜಿನ ಆಟಗಾರ.

"ನಿಮ್ಮ ಪುಸ್ತಕದಲ್ಲಿ ನಿನ್ನಕ್ಕನ್ನ ನದಿಗೆ ಎಸೆದ್ರಂತೆ," ಎಂದರು ಅಂಗಡಿಯವರು.

ಭಾವಮೈದನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಎಸೀಲಿಲ್ಲ ಭಾವ. ಗಾಡಿ ಮುಗುಚ್ತು. ನನ್ನ ದಾಳ ಸರಿಯಾಗಿ ಬೀಳಲಿಲ್ಲ."

"ಅವಳ ಮೇಲೆ ನಕ್ಷೆ ಹಾಸಿಕೊಂಡ್ರಂತೆ."

"ಮಳೆ ಬರ್ತಿತ್ತು. ನೆಲ ಎಲ್ಲಾ ಕೆಸರು."

"ಜನ ಬಿದ್ದು ಬಿದ್ದು ನಗ್ತಿದಾರೆ ಮಾರಾಯ. ನನ್ನ ಅಂಗಡಿಗೇ ಬಂದು ನಕ್ಕು ಹೋದ್ರು."

ಭಾವಮೈದ ನಿಧಾನವಾಗಿ ಬಿಡಿಸಿ ಹೇಳಿದ. ಆ ಮೇಜಿಗೊಂದು ಕಟ್ಟಳೆ. ಯಾರು ಆ ವಾರ ಬರುವುದಿಲ್ಲವೋ ಅವರ ವೇಷ ಗಾಡಿಯಲ್ಲಿ ನಿದ್ದೆ ಮಾಡುತ್ತದೆ. ಅವರ ಪರವಾಗಿ ಯಾರೂ ಮಾತಾಡುವ ಹಾಗಿಲ್ಲ, ಅವರನ್ನು ಬಿಟ್ಟು ಹೋಗುವ ಹಾಗೂ ಇಲ್ಲ. ಹೊತ್ತುಕೊಂಡೇ ಹೋಗಬೇಕು. ನೆಗಡಿಯಾದವರಿಗೆ, ಮದುವೆಗೆ ಹೋದವರಿಗೆ ಮಾಡಿದ ಕಟ್ಟಳೆ ಅದು. ಅಕ್ಕ ತೀರಿಹೋದ ವಾರದ ರಜದ ದಿನ ನಾಲ್ವರೂ ಬಂದು ಮೇಜಿನ ಸುತ್ತ ಕೂತರು. ಅವಳ ಕುರ್ಚಿ ಖಾಲಿ. ಯಾರಿಗೂ ಏನೂ ಹೇಳುವ ಧೈರ್ಯವಾಗಲಿಲ್ಲ. ಕಾದಂಬರಿಕಾರರು, 'ಚಿಟಿಕೆ ಗಾಡಿಯಲ್ಲಿ ಮಲಗಿದ್ದಾಳೆ' ಎಂದರು. ಹೂಂ ಎಂದರು ಎಲ್ಲರೂ. ಮುಂದಿನ ವಾರವೂ ಹಾಗೇ ಆಯಿತು. ಹಾಗೇ ಆಗುತ್ತ ವರ್ಷವಾಯಿತು.

"ಅವಳ ಮೇಲೆ ನಗಬೇಕು ಅಂತ ಯಾರೂ ಮಾಡ್ಲಿಲ್ಲ ಭಾವ. ಬಿಟ್ಟು ಹೋಗೋಕೆ ಆಗ್ಲಿಲ್ಲ, ಹೊತ್ಕೊಂಡು ಹೋದ್ವಿ. ಆದ್ರೆ ಮೇಜಿನ ಮೇಲೆ ಆಗಿದ್ದನ್ನ ಬಿಟ್ಟು ಬೇರೆ ಬರೆಯೋಲ್ಲ ಅಂತ ನಮ್ಮ ಕಾದಂಬರಿಕಾರರ ವ್ರತ. ಆ ಪುಸ್ತಕದ ಗುಣ ಹೇಗಂದ್ರೆ ಅದರೊಳಗೆ ಏನು ಹಾಕಿದ್ರೂ ನಗು ಬರತ್ತೆ."

"ಹಾಗಾದ್ರೆ ಅವಳನ್ನ ಎಬ್ಬಿಸಿ, ಇಲ್ಲಾ ಮಣ್ಣು ಮಾಡಿ. ಹೀಗೆ ಗಾಡೀಲಿ ಹಾಕ್ಕೊಂಡು ಊರೂರು ತಿರುಗಿಸಬೇಡಿ."

"ನಮ್ಮ ಕೈಲಾಗಲ್ಲ. ಅವಳ ಪರವಾಗಿ ಮಾತಾಡಬೇಕಾದ್ರೆ ಅವಳ ಮನೆಯವರು ಕೂರಬೇಕು. ನಾನು ಕೂರೋಣ ಅಂದ್ರೆ ನನಗೆ ನನ್ನದೇ ಒಂದು ವೇಷ ಇದೆ, ಒಬ್ಬರಿಗೆ ಎರಡು ಇಲ್ಲ." ಅವನು ತುತ್ತನ್ನು ಬಾಯಿಗಿಟ್ಟು ಅಗಿದು ನುಂಗಿ, ಆಮೇಲೆ ಮೆಲ್ಲಗೆ ಹೇಳಿದ. "ನೀವೇ ಬಂದು ಕೂತ್ರೆ ಆಗತ್ತೆ."

ಮರುದಿನ ಬೆಳಿಗ್ಗೆ ದೀಪದ ಮುಂದೆ ಕೂತಾಗ ಅಂಗಡಿಯವರ ಮನಸ್ಸು ನಿಲ್ಲಲಿಲ್ಲ. ನದಿ, ಗುಳ್ಳೆ, ಮೀನು. ಮನುಷ್ಯ ಸತ್ತ ಮೇಲೆ ಅವನನ್ನು ಗೌರವವಾಗಿ ಕಳಿಸಿಕೊಡುವುದು ಉಳಿದವರ ಕೆಲಸ. ತಾನು ಅದನ್ನೆಲ್ಲ ಮಾಡಿದ್ದೆ ಎಂದುಕೊಂಡಿದ್ದರು. ಈಗ ನೋಡಿದರೆ ಅವಳ ಇನ್ನೊಂದು ಪಾಲು ಎಲ್ಲೋ ಗಾಡಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದೆ, ದಾರಿಹೋಕರು ನಗುತ್ತಿದ್ದಾರೆ. ಹೋಗುತ್ತೇನೆ, ಚಿಟಿಕೆಗೆ ಒಂದು ಒಳ್ಳೆಯ ಸಾವು ಕೊಟ್ಟು ಬರುತ್ತೇನೆ ಎಂದು ದೇವರ ಮುಂದೆಯೇ ತೀರ್ಮಾನ ಮಾಡಿಕೊಂಡು ಎದ್ದರು.

ಮುಂದಿನ ರಜದ ಮಧ್ಯಾಹ್ನ ದವಾಖಾನೆಯ ಹಿಂದಿನ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ ಗಟ್ಟಿಯಾಗಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಸುಣ್ಣದಂಥ ಬಿಳಿ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ದವಡೆಗಳು. ಕೃತಕ ಹಲ್ಲು ಮಾಡಲು ತೆಗೆದ ಅಚ್ಚುಗಳವು. ಕೆಲಸ ಮುಗಿದವನ್ನು ಡಾಕ್ಟರು ಆಟಕ್ಕೆ ಕೊಟ್ಟಿದ್ದರು. ಮೇಜಿನ ಮೇಲೆ ಹಾಸಿದ ನಕ್ಷೆಯಲ್ಲಿ ಕೆಳದವಡೆಗಳು ಬೆಟ್ಟದ ಸಾಲಾಗಿ, ಒಂಟಿ ಬಾಚಿಹಲ್ಲುಗಳು ಕಲ್ಲುಗಂಬಗಳಾಗಿ ನಿಂತಿದ್ದವು. ನಡುವೆ ಮೇಲ್ದವಡೆ, ಕೆಳದವಡೆ ಎರಡನ್ನೂ ತೆರೆದ ಬಾಯಿಯ ಹಾಗೆ ನಿಲ್ಲಿಸಿದ್ದರು. ಅದರ ಪಕ್ಕದಲ್ಲೊಂದು ಬೆಂಕಿಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅಂಗಿಯದೊಂದು ಕೆಂಪು ಗುಂಡಿ.

"ಗಾಡಿ," ಎಂದ ಭಾವಮೈದ. ಕೆಂಪು ಗುಂಡಿ ಯಾರೆಂದು ಹೇಳಬೇಕಾಗಲಿಲ್ಲ.

ಹಲ್ಲಿನ ಡಾಕ್ಟರು ಎದ್ದು ಕೈಹಿಡಿದರು, ಕೈ ಬಿಡುವುದನ್ನೇ ಮರೆತರು. ಅವರು ಆಟದಲ್ಲಿ ಗುಡುಗಪ್ಪ, ಕತ್ತಿ ಹಿಡಿದ ವೀರ. ರಕ್ತ ಕಂಡರೆ ತಲೆ ಸುತ್ತುವವನು. ಊರಿನ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುವ ಡ್ರೈವರಮ್ಮ ಮಾಟಗಾತಿ. ಅವಳು ಹಾಕಿದ ಮಂತ್ರ ಎಂದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಭಾವಮೈದ ಉಪವಾಸದ ಸನ್ಯಾಸಿ. ಮೂರು ಹೊತ್ತೂ ಹಸಿವೆ. ಮೇಜಿನ ತಲೆಯ ಕಡೆ ಕೂತ ಕಾದಂಬರಿಕಾರರು ತೆಳ್ಳಗಿನ ಮನುಷ್ಯ. ಅವರ ಕನ್ನಡಕ ಒಂದು ಕಡೆಗೆ ವಾಲಿತ್ತು. ಅಂಗಡಿಯವರ ಕೈ ತಾನಾಗಿಯೇ ಮುಂದೆ ಹೋಯಿತು.

"ಕೊಡಿ ಇಲ್ಲಿ," ಎಂದು ಅದನ್ನು ಇಸಿದುಕೊಂಡು, ಕಡ್ಡಿಯನ್ನು ಹದವಾಗಿ ಬಗ್ಗಿಸಿ, ಮೂಗಿನ ಮೇಲೆ ಕೂರಿಸಿ ನೋಡಿದರು. "ಹಾಂ. ಇಷ್ಟು ದಿನ ಲೋಕ ಓರೆಯಾಗಿ ಕಾಣ್ತಿತ್ತು ನಿಮಗೆ."

"ಅದಕ್ಕೇ ಹಾಗೆ ಬರೀತಾರೆ," ಎಂದರು ಡ್ರೈವರಮ್ಮ. "ಈಗ ನೆಟ್ಟಗೆ ಬರೆದ್ರೆ ಯಾರೂ ಓದಲ್ಲ."

ಖಾಲಿ ಕುರ್ಚಿಯಲ್ಲಿ ಅಂಗಡಿಯವರು ಕೂತರು. ಅದರ ಮೆತ್ತೆ ಅವರ ಮನೆಯದೇ. ಎಲ್ಲಿ ಹೋಯಿತೆಂದು ಅವರು ಒಂದು ಕಾಲದಲ್ಲಿ ಹುಡುಕಿದ್ದರು.

"ನಾನು ನೇರವಾಗಿ ಹೇಳ್ತೀನಿ," ಎಂದರು. "ನನಗೆ ಆಟ ಬರಲ್ಲ. ಅವಳಿಗೆ ಒಂದು ಮುಕ್ತಿ ಕಾಣಿಸೋಕೆ ಬಂದಿದೀನಿ. ಸತ್ತಳು ಅಂತ ಬರ್ಕೊಳ್ಳಿ. ದೇವರ ಹೆಸರು ಹೇಳ್ತಾ ಸತ್ತಳು ಅಂತ."

ಕಾದಂಬರಿಕಾರರು ನೋವಿನಿಂದ ತಲೆಯಾಡಿಸಿದರು. "ಹಾಗೆ ಬರೆಯೋಕೆ ನನಗೂ ಬರಲ್ಲ. ಇಲ್ಲಿ ಸಾವು ಅಂದ್ರೆ ಅಪಾಯಕ್ಕೆ ಎದುರಾಗಿ, ದಾಳ ಕೈಕೊಟ್ಟು, ಆಗಬೇಕು. ನಿಮಗಾಗಿ ಕಟ್ಟಳೆ ಮುರಿದ್ರೆ ಆಕೆಗೇ ಇಷ್ಟ ಆಗ್ತಿರಲಿಲ್ಲ. ಈ ಮೇಜಿನ ಮೇಲೆ ಅತಿ ಹೆಚ್ಚು ಮೋಸ ಮಾಡ್ತಿದ್ದೋರು ಆಕೆ, ಆದ್ರೆ ಕಟ್ಟಳೆ ಒಳಗೇ ಮಾಡ್ತಿದ್ರು."

"ಮೋಸ?" ಎಂದರು ಅಂಗಡಿಯವರು.

"ಅಯ್ಯೋ, ಬಾಯಿ ಬಿಟ್ರೆ ಸುಳ್ಳು," ಎಂದರು ಡಾಕ್ಟರು, ದೊಡ್ಡ ಗೌರವದಿಂದ. "ನನ್ನ ಗುರಾಣಿಯನ್ನ ನನಗೇ ಎರಡು ಸಲ ಮಾರಿದ್ದಾಳೆ ಚಿಟಿಕೆ."

ಅಂಗಡಿಯವರು ಕಂಡ ಹೆಂಗಸು, ಹಾಲಿನವನು ಅರ್ಧ ಲೋಟ ಹೆಚ್ಚಿಗೆ ಹಾಕಿದರೆ ಬೀದಿಯ ತುದಿಯವರೆಗೆ ಹೋಗಿ ಹೇಳಿ ಬರುತ್ತಿದ್ದಳು. ಒಂದು ಕ್ಷಣ ಅವರಿಗೆ ಆ ಮೇಜಿನ ಮೇಲೆ ಹೊಟ್ಟೆಕಿಚ್ಚಾಯಿತು. ಇವರು ಕಂಡದ್ದನ್ನು ತಾನು ಕಾಣಲಿಲ್ಲವಲ್ಲ.

"ಸರಿ. ಹಾಗಾದ್ರೆ ಅವಳನ್ನ ಎಬ್ಬಿಸ್ತೀನಿ. ಎದುರಿಗೆ ಏನು ಅಪಾಯ ಇದೆ ಹೇಳಿ."

ಕಾದಂಬರಿಕಾರರ ದನಿ ಬದಲಾಯಿತು. ತಗ್ಗಿತು, ಆದರೆ ಮೂಲೆಮೂಲೆಗೂ ಕೇಳುವ ಹಾಗಾಯಿತು. ಎದುರಿಗೆ ಕಲ್ಲಿನ ಹೆಬ್ಬಾಗಿಲು. ಅದನ್ನು ಕಾಯುವವನು ಮೂರು ತಲೆಯ ರಾಕ್ಷಸ. ಮೂರು ತಲೆಗೂ ಒಂದಕ್ಕೊಂದು ಕಂಡರಾಗದು. ಅವನನ್ನು ದಾಟಿ ಹೋದವರು ಇಲ್ಲಿಯವರೆಗೆ ಯಾರೂ ಇಲ್ಲ. ಗಾಡಿ ಪೊದೆಯ ಮರೆಯಲ್ಲಿ ನಿಂತಿದೆ. ಉಳಿದ ಮೂವರೂ ಉಪಾಯ ಹುಡುಕುತ್ತ ಪಿಸುಗುಟ್ಟುತ್ತಿದ್ದಾರೆ. ಅಷ್ಟರಲ್ಲಿ, ಋತುಗಳು ಕಳೆದ ಮೇಲೆ, ಚಿಟಿಕೆ ಕಣ್ಣು ಬಿಟ್ಟಳು.

"ಮೊದಲು ಮುಖ ತೊಳೀತಾಳೆ," ಎಂದರು ಅಂಗಡಿಯವರು.

ಮೇಜಿನ ಸುತ್ತ ಕೂತವರು ಮುಖ ಮುಖ ನೋಡಿಕೊಂಡರು.

"ಏನಾಯ್ತು?"

"ಏನಿಲ್ಲ," ಎಂದರು ಡ್ರೈವರಮ್ಮ. "ಚಿಟಿಕೆ ಮುಖ ತೊಳೆದಿದ್ದನ್ನ ನಾನು ನೋಡಿಲ್ಲ. ತೊಳೀಲಿ, ಪಾಪ. ನದಿ ನೀರು ಬೇರೆ ಮುಖದ ಮೇಲೆ ಒಣಗಿದೆ."

"ತೊಳೆದು, ದೇವರಿಗೆ ಕೈ ಮುಗಿದು, ನೆಟ್ಟಗೆ ಆ ರಾಕ್ಷಸನ ಹತ್ರ ಹೋಗ್ತಾಳೆ."

"ಕತ್ತಿ?"

"ಬೇಡ."

"ಹಗ್ಗ, ಚೂರಿ, ಕಣ್ಣಿಗೆ ಎರಚೋ ಪುಡಿ?"

"ಏನೂ ಬೇಡ. ಬರಿಗೈಲಿ ಹೋಗ್ತಾಳೆ. ಹೋಗಿ ಬೈತಾಳೆ."

"ಏನಂತ?"

ಅಂಗಡಿಯವರು ಜೀವಮಾನದಲ್ಲಿ ಯಾರನ್ನೂ ಬೈದವರಲ್ಲ. ಬಹಳ ಯೋಚನೆ ಮಾಡಿದರು. ತಮ್ಮ ಕಸುಬಿನಲ್ಲಿ ಗಿರಾಕಿಗೆ ಎಂದೂ ಹೇಳಬಾರದ ಮಾತು ಒಂದು ನೆನಪಾಯಿತು.

"ನಿನ್ನ ಮುಖಕ್ಕೆ ಯಾವ ಫ್ರೇಮೂ ಒಪ್ಪಲ್ಲ, ಅಂತಾಳೆ."

ಭಾವಮೈದ ಕೆಮ್ಮಿದ. ಕಾದಂಬರಿಕಾರರು ಇಪ್ಪತ್ತು ಮುಖದ ದಾಳವನ್ನು ಮುಂದೆ ಸರಿಸಿದರು. ಹೆಚ್ಚು ಬಿದ್ದರೆ ಒಳ್ಳೆಯದು, ಕಡಿಮೆ ಬಿದ್ದರೆ ಕೆಟ್ಟದ್ದು, ಅಷ್ಟೇ ಎಂದರು. ಅಂಗಡಿಯವರು ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಭಗವಂತ, ಒಂದು ಚಿಕ್ಕ ಅಂಕಿ ಕೊಡು, ಇವಳನ್ನು ಗೌರವವಾಗಿ ಕರೆಸಿಕೋ. ದಾಳ ಉರುಳಿತು, ಒಂದು ದವಡೆಗೆ ತಾಗಿ ನಿಂತಿತು. ಹತ್ತೊಂಬತ್ತು.

"ರಾಕ್ಷಸ ಗದೆ ಎತ್ತಿದ," ಎಂದರು ಕಾದಂಬರಿಕಾರರು. "ಎತ್ತಿದ ಗದೆ ಅಲ್ಲೇ ನಿಂತಿತು. 'ಯಾರ ಮುಖ ಅಂದಳು?' ಎಂದಿತು ಬಲಗಡೆಯ ತಲೆ. 'ನಿನ್ನದೇ' ಎಂದಿತು ಎಡಗಡೆಯದು. 'ಅವಳು ನಡುವಿನವನನ್ನು ನೋಡಿ ಹೇಳಿದ್ದು.' 'ಮೂಗು ಯಾರದು ದೊಡ್ಡದು, ಮುಟ್ಟಿ ನೋಡು.' ಮೂರೂ ಜಗಳಕ್ಕೆ ಬಿದ್ದವು. ಗದೆ ಯಾರ ತಲೆಯ ಮೇಲೆ ಹಾಕುವುದೆಂದು ಕೈಗಳಿಗೆ ತಿಳಿಯಲಿಲ್ಲ."

ಡಾಕ್ಟರು ತೊಡೆ ತಟ್ಟಿಕೊಂಡರು. ಅಂಗಡಿಯವರು ನಗಲಿಲ್ಲ. ಇದು ಕೆಲಸ ಕೆಡಿಸಿತು ಎಂದುಕೊಂಡರು.

"ಹಾಗಾದ್ರೆ ಅವನ ಕಾಲಡಿ ಹೋಗಿ ಮಲಗ್ತಾಳೆ."

"ಕಾಲಡಿ?"

"ಎತ್ತಿದ ಪಾದದ ಕೆಳಗೆ. ಅಂಗಾತ."

"ಚಿಟಿಕೆ, ಬೇಡ," ಎಂದರು ಡ್ರೈವರಮ್ಮ ಮಾಟಗಾತಿಯ ದನಿಯಲ್ಲಿ. "ನನ್ನ ಮಂತ್ರ ಇನ್ನೂ ಬಂದಿಲ್ಲ. ಹಿಂದಿನ ಸ್ಟಾಪಿನಲ್ಲಿದೆ."

ದಾಳ ಉರುಳಿತು. ಹದಿನೆಂಟು. ಇಷ್ಟು ಧೈರ್ಯವಾಗಿ ಬಂದು ಮಲಗಿದ್ದಾಳೆಂದರೆ ಇದರಲ್ಲಿ ಏನೋ ಮಸಲತ್ತಿದೆ ಎಂದು ರಾಕ್ಷಸ ಹೆದರಿದ. ಎತ್ತಿದ ಕಾಲನ್ನು ಇಡಲು ಜಾಗ ಸಿಗದೆ, ಒಂಟಿಕಾಲಲ್ಲಿ ಕುಂಟಿ ಕುಂಟಿ ಹಿಂದೆ ಸರಿದು, ತನ್ನದೇ ಹೆಬ್ಬಾಗಿಲ ಹೊಸ್ತಿಲಿಗೆ ಎಡವಿ ಕುಕ್ಕರಬಡಿದ. ಆ ಸದ್ದಿಗೆ ಸುತ್ತಲಿನ ಕಾಡುಹಕ್ಕಿಗಳೆಲ್ಲ ಎದ್ದು ಬೇರೆ ಕಾಡಿಗೆ ಹೋದವು.

"ಭಾವ, ನೀವು ಮೊದಲು ಆಡಿದೀರಾ?" ಎಂದ ಭಾವಮೈದ.

"ಸುಮ್ನಿರಯ್ಯ." ಅಂಗಡಿಯವರ ಹಣೆಯಲ್ಲಿ ಬೆವರು ಮೂಡಿತ್ತು. ನಕ್ಷೆಯ ನಡುವೆ ತೆರೆದಿಟ್ಟ ದವಡೆಗಳನ್ನು ತೋರಿಸಿದರು. "ಇದು ಅವನ ಬಾಯಿ ತಾನೇ?"

"ನಡುವಿನ ತಲೆಯದು. ಬಿದ್ದ ಪೆಟ್ಟಿಗೆ ಬಾಯಿ ತೆರೆದಿದೆ."

"ಅದರೊಳಗೆ ಹೋಗ್ತಾಳೆ."

ಈ ಸಲ ಯಾರೂ ನಗಲಿಲ್ಲ. ಡಾಕ್ಟರು ಕೈ ಅಡ್ಡ ತಂದರು. "ಯೋಚನೆ ಮಾಡಿ. ಒಳಗೆ ಹೋದ್ರೆ ಮುಗೀತು. ಇಪ್ಪತ್ತೇ ಬೀಳಬೇಕು. ಅದು ಯಾರಿಗೂ ಬೀಳಲ್ಲ."

"ಗೊತ್ತು," ಎಂದರು ಅಂಗಡಿಯವರು. ಕೆಂಪು ಗುಂಡಿಯನ್ನು ತಾವೇ ಎತ್ತಿ ನಾಲಿಗೆಯಿಲ್ಲದ ಸುಣ್ಣದ ಬಾಯಿಯೊಳಗಿಟ್ಟರು. ಇಗೋ, ಇಷ್ಟೇ, ಈಗ ಮುಗಿಯುತ್ತದೆ ಎಂದುಕೊಂಡರು. ಪ್ರಾರ್ಥನೆಗೆ ಮಾತು ಬರಲಿಲ್ಲ. ನಿನ್ನಿಷ್ಟ ಎಂದಷ್ಟೇ ಮನಸ್ಸಿನಲ್ಲಿ ಹೇಳಿ ದಾಳ ಬಿಟ್ಟರು.

ಅದು ಮೇಜಿನ ಅಂಚಿಗೆ ಹೋಗಿ, ಬೀಳುವಂತೆ ಮಾಡಿ, ಬೀಳದೆ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ಇಪ್ಪತ್ತು.

ಕಾದಂಬರಿಕಾರರು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. ಆಮೇಲೆ ಸಾವಕಾಶವಾಗಿ ಹೇಳಿದರು. "ಒಳಗೆ ಕತ್ತಲೆ. ಚಿಟಿಕೆ ಎಡವಿದಳು. ಎಡವಿದ್ದು ಒಂದು ಹುಳುಕು ಹಲ್ಲಿಗೆ. ನೂರಾರು ವರ್ಷದಿಂದ ನೋಯುತ್ತಿದ್ದ ಹಲ್ಲು. ಅದು ಬುಡಸಮೇತ ಕಿತ್ತು ಬಂತು."

"ಯಾವ ಹಲ್ಲು?" ಎಂದರು ಡಾಕ್ಟರು ತಟ್ಟನೆ.

"ಕೆಳಗಿನದು. ಎಡಗಡೆ, ಹಿಂದಿನಿಂದ ಎರಡನೇದು."

"ಅದೇ. ಅದೇ ಕೊಡೋದು ತೊಂದರೆ. ಬೇರು ಸೊಟ್ಟಗಿರತ್ತೆ. ಒಳ್ಳೆ ಕೆಲಸ ಮಾಡಿದಳು."

"ರಾಕ್ಷಸ ಅಳತೊಡಗಿದ. ನೋವಿಗಲ್ಲ, ನೋವು ಹೋದದ್ದಕ್ಕೆ. ನಡುವಿನ ತಲೆ ಅಳುವುದನ್ನು ಕಂಡು ಉಳಿದೆರಡಕ್ಕೂ ಅಳು ಬಂತು. ಇಷ್ಟು ವರ್ಷ ಜಗಳವಾಡಿದ್ದೆಲ್ಲ ಒಂದು ಹಲ್ಲಿಗಾಗಿಯೇ ಎಂದು ಒಂದನ್ನೊಂದು ಕ್ಷಮೆ ಕೇಳಿದವು. ಚಿಟಿಕೆ ಹಲ್ಲನ್ನು ಹೆಗಲಮೇಲೆ ಹೊತ್ತುಕೊಂಡು, ತೊಯ್ದು ತೊಪ್ಪೆಯಾಗಿ, ಬಾಯಿಂದ ಇಳಿದು ಬಂದಳು."

ಮೊದಲು ಏನೋ ಗಂಟಲಿಗೆ ಸಿಕ್ಕಿಕೊಂಡ ಹಾಗಾಯಿತು ಅಂಗಡಿಯವರಿಗೆ. ಕೆಮ್ಮೆಂದುಕೊಂಡರು. ಅದು ನಗು. ತಡೆಯಲು ನೋಡಿದಷ್ಟೂ ಹೆಚ್ಚಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಒದ್ದೆ ಬಟ್ಟೆಯಲ್ಲಿ, ಹೆಗಲ ಮೇಲೆ ಹಲ್ಲು ಹೊತ್ತು ನಿಂತ ಆ ಹೆಂಗಸು ಅವರಿಗೆ ಚೆನ್ನಾಗಿ ಕಂಡಳು. ಮುಖ ಮಾತ್ರ ದೀಪದ ಮುಂದೆ ಕೂರುತ್ತಿದ್ದ ಮುಖವೇ.

"ಆಕೆ ಹೀಗೇ ಆಡ್ತಿದ್ರು," ಎಂದರು ಡ್ರೈವರಮ್ಮ, ಅವರಿಗೆ ಒಂದು ಲೋಟ ಚಹಾ ಸರಿಸುತ್ತ. "ತದ್ವತ್."

"ಇಲ್ಲಮ್ಮ." ಅಂಗಡಿಯವರು ಕಣ್ಣೊರೆಸಿಕೊಂಡರು. "ನಾನು ಸಾಯಿಸೋಕೆ ನೋಡ್ತಿದ್ದೆ."

"ಹಾಗಾದ್ರೆ ಆಕೆಯೂ ಪ್ರತಿ ವಾರ ಅದನ್ನೇ ನೋಡ್ತಿದ್ರು ಅನ್ಸತ್ತೆ. ಪ್ರಪಾತ ಕಂಡ್ರೆ ಹಾರೋದು, ಹಾವಿನ ಹುತ್ತ ಕಂಡ್ರೆ ಕೈ ಹಾಕೋದು. ಮನೇಲಿ ಹೀಗೆಲ್ಲಾ ಆಗಲ್ಲ ನೋಡಿ ಅಂತಿದ್ರು. ಇಲ್ಲಿ ಸತ್ರೂ ಸಂಜೆ ಮನೆಗೆ ಹೋಗಿ ಅಡುಗೆ ಮಾಡಬಹುದು ಅಂತಿದ್ರು."

ಚಹಾ ಆರುತ್ತಿತ್ತು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಈಗ ಏನು ಮಾಡ್ತಾಳೆ ಚಿಟಿಕೆ?" ಎಂದು ಕಾದಂಬರಿಕಾರರು ಮೆಲ್ಲಗೆ ಕೇಳಿದರು. "ಇಲ್ಲಿಗೆ ಇವತ್ತು ಸಾಕು ಅಂದ್ರೂ ಆಗತ್ತೆ. ಆದ್ರೆ ಒಂದು ಹೇಳಿಬಿಡ್ತೀನಿ. ಮುಂದಿನ ವಾರ ನೀವು ಬರದಿದ್ರೆ ಆಕೆ ಮತ್ತೆ ಗಾಡಿಗೆ ಹೋಗ್ತಾರೆ. ಕಟ್ಟಳೆ."

ಅಂಗಡಿಯವರು ಕೆಂಪು ಗುಂಡಿಯನ್ನು ನೋಡಿದರು. ಪ್ರತಿ ವಾರ ಬಂದು ಕೂರಬಹುದು. ಹಾಗೆ ಮಾಡಿದರೆ ಅವಳು ಎದ್ದಿರುತ್ತಾಳೆ. ಆದರೆ ಎದ್ದಿರುವುದು ಅವಳಲ್ಲ, ಅವಳ ಸೀರೆ ಸುತ್ತಿಕೊಂಡ ತಾನು. ಇಂದು ಅವಳನ್ನು ಕೊಲ್ಲಲು ಹೋಗಿ ಅವಳ ಹಾಗೆ ಆಡಿದ್ದೆ, ಅರಿಯದೆ. ಮುಂದಿನ ವಾರ ಅರಿತು ಆಡಬೇಕಾಗುತ್ತದೆ. ಸಾಯಿಸಲಂತೂ ಇನ್ನು ಮನಸ್ಸಿಲ್ಲ. ಮೂರು ಸಲ ಕೇಳಿದ್ದಕ್ಕೆ ದೇವರು ಮೂರು ಸಲ ಇಲ್ಲ ಎಂದ ಮೇಲೆ ಮತ್ತೆ ಕೇಳುವುದು ಉದ್ಧಟತನ.

"ಹೊರಡ್ತಾಳೆ," ಎಂದರು.

"ಸಾಯಲ್ಲ?"

"ಇಲ್ಲ. ಮಲಗೋದೂ ಇಲ್ಲ. ಎಲ್ಲರ ಹತ್ರ ಹೇಳಿ ಹೊರಡ್ತಾಳೆ."

ಕಾದಂಬರಿಕಾರರು ಗುಂಡಿಯನ್ನು ನಕ್ಷೆಯ ಅಂಚಿಗೆ, ದಾರಿ ಎಂದು ಗೆರೆ ಎಳೆದಿದ್ದ ಕಡೆಗೆ ಇಟ್ಟರು. "ಹಾಗಾದ್ರೆ ನೀವೇ ಹೇಳಿ. ಆಕೆಯ ಬಾಯಲ್ಲಿ."

ಅಂಗಡಿಯವರು ಗುಡುಗಪ್ಪನ ಕಡೆ ತಿರುಗಿದರು. "ಗುಡುಗಪ್ಪ, ನಿನ್ನ ಗುರಾಣಿ ಗಟ್ಟಿ ಹಿಡ್ಕೋ. ಮತ್ತೆ ಯಾರಾದ್ರೂ ಮಾರಿಬಿಟ್ಟಾರು."

"ಹಿಡ್ಕೋತೀನಿ," ಎಂದರು ಡಾಕ್ಟರು. ಅವರ ದನಿ ಗುಡುಗಪ್ಪನದಾಗಿರಲಿಲ್ಲ.

"ನಿನ್ನ ಮಂತ್ರ ಬಂದಾಗ," ಎಂದು ಮಾಟಗಾತಿಗೆ ಹೇಳಿದರು, "ನಾನು ಕಾಯ್ತಿದ್ದೆ ಅಂತ ಹೇಳು."

"ಹೂಂ," ಎಂದರು ಡ್ರೈವರಮ್ಮ.

ಸನ್ಯಾಸಿಯ ಸರದಿ ಬಂತು. ಭಾವಮೈದ ತಲೆ ತಗ್ಗಿಸಿಕೊಂಡು ಎಣ್ಣೆಕಪ್ಪಿನ ಬೆರಳಿನಿಂದ ನಕ್ಷೆಯ ಅಂಚನ್ನು ಉಜ್ಜುತ್ತಿದ್ದ. ಸನ್ಯಾಸಿಗೆ ಚಿಟಿಕೆ ಏನೂ ಆಗಬೇಕಾದವಳಲ್ಲ. ಆದರೆ ಅವನ ಬಾಯಲ್ಲಿ ಬಂದದ್ದು ಬೇರೆ.

"ಎಲ್ಲಿಗೆ ಹೋಗ್ತಿದೀಯ ಅಕ್ಕ?"

ದೇವರ ಪಾದಕ್ಕೆ ಎಂದು ಅಂಗಡಿಯವರು ಹೇಳಬಹುದಿತ್ತು. ಅದು ಅವರು ನಂಬಿದ ಮಾತು, ಬೆಳಿಗ್ಗೆ ಬೆಳಿಗ್ಗೆ ತಮಗೆ ತಾವೇ ಹೇಳಿಕೊಳ್ಳುವ ಮಾತು. ಆದರೆ ಇಲ್ಲಿ ಮಾತಾಡಬೇಕಾದವಳು ಚಿಟಿಕೆ. ತಮ್ಮ ಕೇಳಿದರೆ ಅವನನ್ನು ಅಳಿಸದ ಹಾಗೆ ಹೇಳಬೇಕು.

"ಇಲ್ಲೇ ಕಣೋ, ಮುಂದಿನ ಊರಿಗೆ," ಎಂದರು. "ಸಂಜೆಯೊಳಗೆ ಬಂದುಬಿಡ್ತೀನಿ. ನೀನು ಊಟ ಮಾಡಿರು."

ಆ ಮೇಜಿನ ಮೇಲೆ ಸುಳ್ಳಿಗೂ ದಾಳ ಹಾಕಬೇಕು. ಎದುರಿನವರು ನಂಬಿದರೋ ಇಲ್ಲವೋ ಎಂಬುದನ್ನು ದಾಳವೇ ಹೇಳಬೇಕು. ರೂಢಿಯ ಬಲದಿಂದ ಕಾದಂಬರಿಕಾರರ ಕೈ ಅದರ ಕಡೆ ಹೋಯಿತು. ಅಷ್ಟರಲ್ಲಿ ಡ್ರೈವರಮ್ಮ ತಮ್ಮ ಅಗಲವಾದ ಅಂಗೈಯನ್ನು ದಾಳದ ಮೇಲಿಟ್ಟು ಮುಚ್ಚಿಬಿಟ್ಟರು.

"ಇದಕ್ಕೆ ಬೇಡ," ಎಂದರು. "ನಾವು ನಂಬಿದ್ದೀವಿ."

"ನಾನೂ ನಂಬಿದೆ," ಎಂದರು ಡಾಕ್ಟರು.

ಭಾವಮೈದ ತಲೆಯಾಡಿಸಿದ. "ಆಯ್ತು. ಹುಷಾರಾಗಿ ಹೋಗು."

ಕಾದಂಬರಿಕಾರರು ಕೈ ಹಿಂದೆ ತೆಗೆದುಕೊಂಡರು. ಇಷ್ಟು ವರ್ಷದಲ್ಲಿ ಆ ಮೇಜಿನ ಮೇಲೆ ಕಟ್ಟಳೆ ಮುರಿದದ್ದು ಅದೊಂದು ಸಲ. ಅವರು ಕೆಂಪು ಗುಂಡಿಯನ್ನು ದಾರಿಯ ಗೆರೆಯ ಮೇಲೆ ಸ್ವಲ್ಪ ಸ್ವಲ್ಪವೇ ತಳ್ಳಿಕೊಂಡು ಹೋಗಿ, ನಕ್ಷೆ ಮುಗಿಯುವ ಕಡೆ ಎತ್ತಿ, ಅಂಗಡಿಯವರ ಅಂಗೈಗೆ ಹಾಕಿದರು. ಅಂಗಡಿಯವರು ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡರು.

"ಇದನ್ನೂ ಬರೀಬೇಕಾಗತ್ತೆ," ಎಂದರು ಕಾದಂಬರಿಕಾರರು ಹಿಂಜರಿಯುತ್ತ. "ಹಲ್ಲು, ಕುಂಟಿದ್ದು, ಫ್ರೇಮಿನ ಬೈಗುಳ. ಜನ ನಗ್ತಾರೆ."

"ನಗಲಿ ಬಿಡಿ. ಎದ್ದು ಓಡಾಡೋರನ್ನ ನೋಡಿ ನಗೋದು ಬೇರೆ." ಅಂಗಡಿಯವರು ಆರಿದ ಚಹಾ ಕುಡಿದರು. ಎದ್ದು ಹೊರಡುವವರಂತೆ ಕುರ್ಚಿಯನ್ನು ಹಿಂದೆ ಸರಿಸಿದವರು, ಮತ್ತೆ ನಕ್ಷೆಯ ಕಡೆ ನೋಡಿದರು. ಬೆಂಕಿಪೆಟ್ಟಿಗೆ ಹಗುರಾಗಿ ನಿಂತಿತ್ತು. ಸುಣ್ಣದ ಬಾಯಿ ಇನ್ನೂ ತೆರೆದೇ ಇತ್ತು.

"ಅಲ್ಲ, ಆ ಬಾಗಿಲು?" ಎಂದರು. "ಬಿಡ್ತಾನಾ ಇವರನ್ನ ಒಳಗೆ?"

"ಗೊತ್ತಿಲ್ಲ. ಮೂರೂ ತಲೆ ಒಪ್ಪಬೇಕು. ಈಗ ಡಾಕ್ಟರ ಸರದಿ."

"ಸರಿ, ಆಡಿ," ಎಂದು ಅಂಗಡಿಯವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಅದೊಂದು ನೋಡ್ಕೊಂಡು ಹೋಗ್ತೀನಿ."